ಅವ್ವನ ಕೂಲಿ, ಆಯಿಯ ಬುಟ್ಟಿ

ಈ ಸಂಚಿಕೆಯನ್ನು ಭಾತಂಬ್ರಾದ ನಮ್ಮ ಮನೆಯ ಪಡಸಾಲೆಯಲ್ಲೇ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಹಿಂದೆ ಕೋಳಿ ಕೂಗಿದ್ರೆ, ಟ್ರ್ಯಾಕ್ಟರ್ ಸದ್ದು ಬಂದ್ರೆ ದಯವಿಟ್ಟು ಸಹಿಸಿಕೊಳ್ಳಿ.

ಇವತ್ತಿನ ವಿಷಯ ಬೆಲೆ ಮತ್ತು ಕೂಲಿ. ಇದು ಶುರುವಾಗಿದ್ದು ನಮ್ಮ ಮನೆಯ ಜಗಳದಿಂದ. 2025ರ ಜುಲೈ, ಸೋಯಾ ಹೊಲದಲ್ಲಿ ಕಳೆ ಎದ್ದಿತ್ತು. ನಮ್ಮದು ಮೂರು ಎಕರೆ. ಹತ್ತು ಹೆಣ್ಣಾಳು, ಎರಡು ದಿನದ ಕೆಲಸ. ಹೋದ ವರ್ಷ ದಿನಕ್ಕೆ 300 ರೂಪಾಯಿ ಇತ್ತು, ಈ ಸಲ ಅವರು 350 ಕೇಳಿದ್ರು. ಗುಂಪು ಕರ್ಕೊಂಡು ಬರೋದು ನಮ್ಮ ಕಾಕು. ಅಪ್ಪ ಸಿಟ್ಟಾದ್ರು. "ಮಾಲಿನ ರೇಟು ಇಳಿಲತ್ತದ, ಆಳಿನ ರೇಟು ಏರಲತ್ತದ. ನಾ ಏನು ಮಾಡ್ಬೇಕು?" ಅಂದ್ರು. ಕಾಕು ಸುಮ್ಮನಿರಲಿಲ್ಲ. "ಅಣ್ಣಾ, ನನ್ನ ಮನ್ಯಾಗೂ ಒಲಿ ಹಚ್ಬೇಕಲ್ಲ?" ಅಂದಳು. ಅವ್ವ ಯಾರ ಕಡೆಯೂ ಮಾತಾಡಲಿಲ್ಲ. ಯಾಕಂದ್ರೆ ನಮ್ಮ ಹೊಲದ ಕೆಲಸ ಮುಗಿದ ಮೇಲೆ ಅವಳೂ ಅದೇ ಗುಂಪಿನಲ್ಲಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗ್ತಾಳೆ.

ಮೂಲೆಯಲ್ಲಿ ಕೂತಿದ್ದ ಆಯಿ ಎಂದಿನಂತೆ ಹೇಳಿದಳು: "ನಮ್ಮ ಕಾಲಕ್ಕ ಎಲ್ಲಾ ಸಸ್ತಾ ಇತ್ತು. ಈಗ ರೊಕ್ಕಕ್ಕ ಕಿಮ್ಮತ್ತೇ ಇಲ್ಲ."

ನಾನು ಬಿ.ಕಾಂ ಓದಿದವನು. ಈ ಮಾತು ನಿಜವಾ ಅಂತ ಒಂದು ಸಲ ಲೆಕ್ಕ ಹಾಕಿ ನೋಡೋಣ ಅನ್ನಿಸ್ತು.

ಮೊದಲ ತೊಡಕು, ಆ ಕಾಲದ ರೂಪಾಯಿಯೇ ಬೇರೆ. ನಮ್ಮ ಮುತ್ಯಾ ಚಿಕ್ಕವರಿದ್ದಾಗ ಬೀದರ್ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಇಲ್ಲಿ ನಡೀತಿದ್ದದ್ದು ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿ ಕೊಟ್ರೆ ಆರು ಬ್ರಿಟಿಷ್ ಇಂಡಿಯಾದ ರೂಪಾಯಿ. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ಎರಡೂ ಜೊತೆಗೇ ಚಲಾವಣೆಯಲ್ಲಿದ್ದವು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂತು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು. ಆಮೇಲೆ ಸೇರು ಹೋಗಿ ಕಿಲೋ ಬಂತು. ನಮ್ಮ ಮಂದಿ ಚಾರಾಣೆ ಅಂತಿದ್ದ 25 ಪೈಸೆ ನಾಣ್ಯವೂ 2011ರ ಜೂನ್ ಕೊನೆಗೆ ನಿಂತುಹೋಯ್ತು. ಹೀಗಾಗಿ "ಆಗ ಇಷ್ಟು ಆಣೆ, ಈಗ ಇಷ್ಟು ರೂಪಾಯಿ" ಅಂತ ಹೋಲಿಸಿದ್ರೆ ನಗು ಬರುತ್ತೆ ಅಷ್ಟೇ, ಏನೂ ತಿಳಿಯಲ್ಲ.

ಅದಕ್ಕೆ ನಾನು ಆಯಿಗೆ ಪ್ರಶ್ನೆ ಬದಲಿಸಿ ಕೇಳಿದೆ. "ಒಂದು ದಿನ ದುಡಿದ್ರ ನಿಂಗ ಏನು ಸಿಗ್ತಿತ್ತು ಆಯಿ?" ಅವಳು ರೂಪಾಯಿ ಹೇಳಲೇ ಇಲ್ಲ. "ಎರಡು ಸೇರು ಜ್ವಾಳ" ಅಂದಳು. ಕೂಲಿ ಕಾಳಿನಲ್ಲೇ ಕೊಡ್ತಿದ್ರು. 1972ರ ಬರದಲ್ಲಿ ಅದೂ ಇರಲಿಲ್ಲವಂತೆ, ಕಲ್ಲು ಒಡೆಯೋ ಬರಗಾಲದ ಕಾಮಗಾರಿಗೆ ಹೋಗಿದ್ದಳು.

ತೂಕದ ಸೇರು ಅಂದ್ರೆ 80 ತೊಲ, ಸುಮಾರು 933 ಗ್ರಾಂ. ಅಳತೆ ಸೇರು ಊರಿಂದ ಊರಿಗೆ ಬೇರೆ. ಆಯಿಯ ದಿನಗೂಲಿ ಹೆಚ್ಚುಕಡಿಮೆ ಎರಡು ಕಿಲೋ ಜೋಳ ಅಂತ ಇಟ್ಕೊಳ್ಳೋಣ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ 2025ರ ಏಪ್ರಿಲ್‌ನಿಂದ ದಿನಕ್ಕೆ 370 ರೂಪಾಯಿ ಆಯ್ತು. 2025ರಲ್ಲಿ ಹೈಬ್ರಿಡ್ ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,699 ಇತ್ತು. ಅಂದ್ರೆ ಒಂದು ದಿನದ ಕೂಲಿಗೆ ಹತ್ತು ಕಿಲೋ ಜೋಳ. ಅಂಗಡಿಯಲ್ಲಿ ಸ್ವಲ್ಪ ಕಡಿಮೆ ಬರಬಹುದು, ಆದರೂ ಆಯಿಗೆ ಸಿಕ್ಕಿದ್ದರ ಮೂರು ನಾಲ್ಕು ಪಟ್ಟು. ಮೇಲೆ ರೇಷನ್ ಅಕ್ಕಿ ಬೇರೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಕಿಲೋಗೆ ಒಂದು ರೂಪಾಯಿ ಇತ್ತು, 2015ರಿಂದ ಅದೂ ಇಲ್ಲ.

ಇದನ್ನು ಹೇಳಿದಾಗ ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೌದಪಾ, ಆಗ ರಾತ್ರಿ ಅಂಬಲಿ ಕುಡ್ದು ಮಲಗತಿದ್ವಿ" ಅಂದಳು. ಸಸ್ತಾ ಇತ್ತು ಅನ್ನೋದು ರೂಪಾಯಿಯ ನೆನಪು. ಹೊಟ್ಟೆಯ ನೆನಪು ಬೇರೆ.

ಹಾಗಾದ್ರೆ ಕಾಕು ಹೇಳಿದ್ದು ಸುಳ್ಳಾ? ಅಲ್ಲ. ಈಗ ಲೆಕ್ಕದ ಎರಡನೇ ಭಾಗಕ್ಕೆ ಬರ್ತೀನಿ.

ಮೊದಲು ಬೇಳೆ. 2015ರ ಅಕ್ಟೋಬರ್ ನೆನಪಿದೆಯಾ? ದೇಶದ ಹಲವು ನಗರಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ದಾಟಿತ್ತು. ಆ ವರ್ಷ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ 204. ಒಂದು ದಿನದ ದುಡಿಮೆಗೆ ಒಂದು ಕಿಲೋ ಬೇಳೆ, ಅದೂ ತೊಗರಿ ಬೆಳೆಯೋ ಸೀಮೆಯಲ್ಲಿ. ರೇಟು ನೋಡಿ ಮುಂದಿನ ವರ್ಷ ಎಲ್ಲರೂ ತೊಗರಿ ಬಿತ್ತಿದ್ರು. ಫಸಲು ಜಾಸ್ತಿ ಬಂತು, ಬೆಲೆ 5,050ರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 5,500 ಮಾಡಬೇಕಾಯ್ತು. ಮೊದಲ ವರ್ಷ ಪೆಟ್ಟು ತಿಂದವಳು ಕಾಕು, ಎರಡನೇ ವರ್ಷ ಅಪ್ಪ.

ಈಗ 2014 ಮತ್ತು 2025ನ್ನು ಪಕ್ಕಪಕ್ಕ ಇಟ್ಟು ನೋಡ್ರಿ. ಉದ್ಯೋಗ ಖಾತ್ರಿ ಕೂಲಿ 191 ಇತ್ತು, 370 ಆಯ್ತು. ಹೆಚ್ಚುಕಡಿಮೆ ಎರಡು ಪಟ್ಟು. ಸೋಯಾ ಬೆಂಬಲ ಬೆಲೆ 2,560 ಇತ್ತು, 5,328 ಆಯ್ತು. ಅದೂ ಎರಡು ಪಟ್ಟು. ಅಂದ್ರೆ ಒಂದು ಕ್ವಿಂಟಲ್ ಸೋಯಾ ಮಾರಿದ್ರೆ 2014ರಲ್ಲಿ 13 ಆಳಿನ ಕೂಲಿ ಬರ್ತಿತ್ತು, 2025ರಲ್ಲಿ 14 ಆಳಿನದು. ಕೂಲಿ ಏರಿ ರೈತ ಮುಳುಗಿದ ಅನ್ನೋದೂ ಪೂರ್ತಿ ನಿಜ ಅಲ್ಲ, ರೈತ ಗೆದ್ದ ಅನ್ನೋದೂ ಅಲ್ಲ. ಕಾಕು, ಅಪ್ಪ ಇಬ್ಬರೂ ಹನ್ನೊಂದು ವರ್ಷ ಓಡಿ ಅಲ್ಲೇ ನಿಂತಿದ್ದಾರೆ.

ಅವರಿಬ್ಬರೂ ಕೊಳ್ಳಬೇಕಾದ್ದು ಮಾತ್ರ ಅಲ್ಲೇ ನಿಂತಿಲ್ಲ. ಮದುವೆಗೆ ಬಂಗಾರ ಬೇಕಲ್ಲ? 2014ರಲ್ಲಿ ಹತ್ತು ಗ್ರಾಂ ಸುಮಾರು 28 ಸಾವಿರ ಇತ್ತು. 2025ರಲ್ಲಿ ಒಂದು ಲಕ್ಷ ದಾಟಿತು. 2014ರಲ್ಲಿ 147 ದಿನದ ಕೂಲಿ ಸಾಕಿತ್ತು, 2025ರಲ್ಲಿ ಒಂದು ಲಕ್ಷಕ್ಕೆ 270 ದಿನ ಬೇಕಾಯ್ತು. 2014ರಲ್ಲಿ 11 ಕ್ವಿಂಟಲ್ ಸೋಯಾ, 2025ರಲ್ಲಿ 19. ನಾನು ಕಾಲೇಜಿಗೆ ಸೇರಿದಾಗ ಅವ್ವ ತನ್ನ ಸರ ಒತ್ತೆ ಇಟ್ಟಿದ್ದಳು. ಆಮೇಲೆ ಬಿಡಿಸಿಕೊಂಡಳು. ಈಗ ತಂಗಿ ನರ್ಸಿಂಗ್ ಓದ್ತಿದ್ದಾಳೆ, ವರ್ಷಕ್ಕೆ 60 ಸಾವಿರ ಫೀಸು. 370ರ ಲೆಕ್ಕದಲ್ಲಿ 162 ದಿನದ ಕೂಲಿ. 2025ರಲ್ಲಿ ಉದ್ಯೋಗ ಖಾತ್ರಿಯ ನೂರಕ್ಕೆ ನೂರು ದಿನ ಕೆಲಸ ಸಿಕ್ಕಿದ್ರೂ ಬರ್ತಿದ್ದದ್ದು 37 ಸಾವಿರ. ಸರ ಮತ್ತೆ ಒತ್ತೆಗೆ ಹೋಗಿದೆ.

ಈ 370 ರೂಪಾಯಿಯನ್ನು ಯಾರು, ಹೇಗೆ ನಿಗದಿ ಮಾಡಿದ್ರು? ಬಿ.ಕಾಂನಲ್ಲಿ ಸೂಚ್ಯಂಕದ ಪಾಠ ಓದಿ ಮರೆತಿದ್ದೆ, ಈಗ ಮತ್ತೆ ತೆಗೆದೆ. ಪ್ರತಿ ವರ್ಷ ಈ ಕೂಲಿ ಏರ್ತಿದ್ದದ್ದು ಕೃಷಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಮೇಲೆ. ಅದರ ಮೂಲ ವರ್ಷ 1986-87 ಆಗಿತ್ತು. ಆಗಿನ ಬೆಲೆಗಳನ್ನು 100 ಅಂತ ಇಟ್ಟರೆ 2025ರ ಆರಂಭಕ್ಕೆ ಅದು 1,300 ದಾಟಿತ್ತು, ಅಂದ್ರೆ ಹದಿಮೂರು ಪಟ್ಟು. ಸೂಚ್ಯಂಕಕ್ಕೆ ಒಂದು ಬುಟ್ಟಿ ಇರುತ್ತೆ, ಬಡ ಕುಟುಂಬ ತಿಂಗಳಿಗೆ ಏನೇನು ಕೊಳ್ಳುತ್ತೆ ಅನ್ನೋ ಪಟ್ಟಿ. ಈ ಬುಟ್ಟಿ ಕಟ್ಟಿದ್ದು 1983ರ ಸಮೀಕ್ಷೆಯಿಂದ. ಅದರಲ್ಲಿ ನೂರಕ್ಕೆ 69 ಪಾಲು ಊಟದ್ದೇ ಆಗಿತ್ತು.

1983ರಲ್ಲಿ ನಮ್ಮ ಮನೆಯಲ್ಲಿ ಏನಿತ್ತು? ಜೋಳ, ಬೇಳೆ, ಎಣ್ಣೆ, ವರ್ಷಕ್ಕೆರಡು ಸೀರೆ. ಮೊಬೈಲ್ ರೀಚಾರ್ಜ್ ಇಲ್ಲ, ಗ್ಯಾಸ್ ಇಲ್ಲ, ಇಂಗ್ಲಿಷ್ ಮೀಡಿಯಂ ಫೀಸು ಇಲ್ಲ. ಅವ್ವನ ಕೂಲಿಯನ್ನು ಇಷ್ಟು ವರ್ಷ ಆಯಿಯ ಬುಟ್ಟಿಯಲ್ಲಿ ತೂಗಿದ್ದಾರೆ. ಕಾಳಿನ ಬೆಲೆ ಇಳಿದ ವರ್ಷ ಸೂಚ್ಯಂಕ ನಿಧಾನವಾಗ್ತಿತ್ತು, ಕೂಲಿಯೂ ಸ್ವಲ್ಪವೇ ಏರ್ತಿತ್ತು. 2018ರಲ್ಲೂ 249, 2019ರಲ್ಲೂ 249. ಆ ವರ್ಷ ಒಂದು ರೂಪಾಯಿಯೂ ಏರಲಿಲ್ಲ. ಶಾಲೆ, ಆಸ್ಪತ್ರೆ ಆ ವರ್ಷ ಸುಮ್ಮನಿದ್ದವಾ? 2025ರಲ್ಲಿ ಮೂಲ ವರ್ಷವನ್ನು 2019ಕ್ಕೆ ತಂದ್ರು. ಒಳ್ಳೆಯದು. ಆದರೆ 370 ಬಂದಿದ್ದು ಹಳೇ ಬುಟ್ಟಿಯಿಂದ.

ಸರ್ಕಾರಿ ನೌಕರರ ಸಂಬಳಕ್ಕೂ ಸೂಚ್ಯಂಕ ಇದೆ. ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತೆ, ಕೆಲವು ವರ್ಷಕ್ಕೊಮ್ಮೆ ವೇತನ ಆಯೋಗ ಬಂದು ಮೂಲ ಸಂಬಳವನ್ನೇ ಮತ್ತೆ ನಿಗದಿ ಮಾಡುತ್ತೆ. 2024ರ ಆಗಸ್ಟ್‌ನಿಂದ ನಮ್ಮ ರಾಜ್ಯದಲ್ಲಿ ಕನಿಷ್ಠ ಮೂಲ ವೇತನ 17,000ದಿಂದ 27,000 ಆಯ್ತು. ಅವರಿಗೆ ಸಿಗಬಾರದು ಅಂತ ನಾನು ಹೇಳ್ತಿಲ್ಲ. ಅಂಥ ಆಯೋಗ ಕಾಕುಗೆ ಇಲ್ಲ. ಅವಳ ಆಯೋಗ ಅಂದ್ರೆ ನಮ್ಮ ಪಡಸಾಲೆಯಲ್ಲಿ ನಡೆದ ಜಗಳ ಅಷ್ಟೇ. ಅಲ್ಲೂ ಗಂಡಾಳಿಗೆ 500, ಹೆಣ್ಣಾಳಿಗೆ 300. ಗಂಡು ಹೆಣ್ಣಿಗೆ ಒಂದೇ ಕೂಲಿ ಇರೋದು ಉದ್ಯೋಗ ಖಾತ್ರಿಯಲ್ಲಿ ಮಾತ್ರ.

ಇನ್ನು ಅಪ್ಪನ ಲೆಕ್ಕ. ಬೆಂಬಲ ಬೆಲೆ ಕಾಗದದ ಮೇಲಿದೆ. 2024ರಲ್ಲಿ ಸೋಯಾಕ್ಕೆ 4,892 ಅಂತ ಘೋಷಣೆಯಾಗಿತ್ತು. ದೀಪಾವಳಿ ಹೊತ್ತಿಗೆ ಅಪ್ಪ ಭಾಲ್ಕಿಯಲ್ಲಿ ಮಾರಿದ್ದು 4,200ಕ್ಕೆ. ಖರೀದಿ ಕೇಂದ್ರಕ್ಕೆ ಒಯ್ಯಬೇಕಂದ್ರೆ ಹೆಸರು ನೋಂದಾಯಿಸಬೇಕು, ತೇವಾಂಶ ಮಿತಿಯೊಳಗಿರಬೇಕು, ಹಣಕ್ಕೆ ಕಾಯಬೇಕು. ಬೀಜ, ಗೊಬ್ಬರದ ಸಾಲ ಕಾಯಲ್ಲ. ಕ್ವಿಂಟಲ್‌ಗೆ 692 ರೂಪಾಯಿ ಕಡಿಮೆ, 18 ಕ್ವಿಂಟಲ್. ಗುಣಿಸಿದ್ರೆ 12,456.

ಈಗ ಜಗಳದ ಲೆಕ್ಕ. ಕಾಕು ಕೇಳಿದ್ದು 50 ರೂಪಾಯಿ ಹೆಚ್ಚು. ಹತ್ತು ಆಳು, ಎರಡು ದಿನ. ಒಟ್ಟು ಒಂದು ಸಾವಿರ.

ಇದನ್ನು ನಾನು ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಅಪ್ಪನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ್ರು. "ಹನ್ನೆರಡು ಸಾವಿರ ಕಳ್ಕೊಂಡ ದಿನ ನಾ ಯಾರ ಸಂಗಟಾನೂ ಜಗಳ ಮಾಡ್ಲಿಲ್ಲ ನೋಡು" ಅಂದ್ರು. ಮರುದಿನ 350 ಕೊಟ್ರು. ಕೊಟ್ಟು ಕಾಕುಗೆ ಹೇಳಿದ್ದು, "ಮುಂದಿನ ಸಲಕ್ಕ ಕೇಳಬ್ಯಾಡ ಮತ್ತ." ಕಾಕು ನಕ್ಕಳು. ಮುಂದಿನ ಸಲ ಕೇಳೇ ಕೇಳ್ತಾಳೆ, ಅದು ಅಪ್ಪನಿಗೂ ಗೊತ್ತು.

ಒಂದು ಸಾವಿರದಿಂದ ಯಾರ ಕಷ್ಟವೂ ತೀರಲಿಲ್ಲ, ಅವ್ವನ ಸರ ಇನ್ನೂ ಒತ್ತೆಯಲ್ಲೇ ಇದೆ. ಆದರೆ ನಮ್ಮ ಮನೆಯಲ್ಲಿ ಈಗ ಸಿಟ್ಟು ಯಾರ ಮೇಲೆ ಇರಬೇಕು ಅನ್ನೋದು ಸ್ವಲ್ಪ ಬದಲಾಗಿದೆ.

ನಿಮಗೂ ಒಂದು ಕೆಲಸ ಕೊಡ್ತೀನಿ. ಮನೆಯ ಹಿರಿಯರನ್ನು "ಆಗ ರೇಟು ಎಷ್ಟಿತ್ತು" ಅಂತ ಕೇಳಬೇಡಿ. "ಒಂದು ದಿನ ದುಡಿದ್ರೆ ಏನು ಸಿಗ್ತಿತ್ತು" ಅಂತ ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ, ಸಾಧ್ಯವಾದ್ರೆ ನನಗೂ ಕಳಿಸಿ. ಒಂದು ಸಂಚಿಕೆಯಲ್ಲಿ ಎಲ್ಲವನ್ನೂ ಓದ್ತೀನಿ.