ಸಂಚಿ ಖಾಲಿಯಾದ ಮೇಲೆ

(ಹೋಬಳಿ ಮಟ್ಟದ ರೈತರ ಸಭೆಯಲ್ಲಿ ಆಡಿದ ಮಾತು)



ಬೆಲೆ, ಸಾಲ, ಬಡ್ಡಿಯ ಬಗ್ಗೆ ನನಗಿಂತ ಬಲ್ಲವರು ಆಗಲೇ ಮಾತಾಡಿದ್ದಾರೆ. ನಾನು ನನ್ನ ಬಾಯಿಯ ವಿಚಾರ ಹೇಳ್ತೀನಿ. ನಗಬೇಡಿ. ಈಗಲೂ ಕೆನ್ನೆಯೊಳಗೆ ಒತ್ತಿಕೊಂಡು ಕೂತಿರೋರು ಎಷ್ಟು ಜನ ಅಂತ ಇಲ್ಲಿಂದಲೇ ಕಾಣ್ತದೆ.

ನಾನು ಪಿರಿಯಾಪಟ್ಟಣದ ಕಡೆಯವನು. ವರ್ಜೀನಿಯ ಹೊಗೆಸೊಪ್ಪು ಬೆಳೆದು, ಬ್ಯಾರನ್ನಿನಲ್ಲಿ ಬೇಯಿಸಿ, ತಂಬಾಕು ಮಂಡಳಿಯ ಹರಾಜಿಗೆ ಹಾಕುವ ಸೀಮೆ ನಮ್ಮದು. 1984ರಲ್ಲಿ ನಮ್ಮ ರಾಜ್ಯದಲ್ಲಿ ಆ ಹರಾಜು ಶುರುವಾದಾಗ ನಾನಿನ್ನೂ ಹುಡುಗ. ಆದರೆ ಆ ಎಲೆ ಹೋಗುವುದು ಸಿಗರೇಟಿಗೆ. ಜಗಿಯೋದಕ್ಕೆ ಅಂಗಡಿಯ ಕಡ್ಡಿಪುಡಿಯೇ ಬೇಕು. ಹೊಲದ ತುಂಬ ಹೊಗೆಸೊಪ್ಪು ಇಟ್ಟುಕೊಂಡು, ಅಂಗಡಿಯಲ್ಲಿ ಸಾಲ ಹೇಳಿ ಹೊಗೆಸೊಪ್ಪು ತಂದ ಪುಣ್ಯಾತ್ಮ ನಾನು!

ಹದಿನಾರನೇ ವಯಸ್ಸಿನಲ್ಲಿ, ಉಳುವಾಗ, ತಾತ ಕೊಟ್ಟದ್ದು. 'ಆಯಾಸ ಕಳೀತದೆ, ಹಾಕ್ಕೋ ಮಗ' ಅಂದರು. ತಲೆ ತಿರುಗಿ ಬದುವಿನ ಮೇಲೆ ವಾಂತಿ ಮಾಡಿದೆ. ಮೂರನೇ ದಿನ ನಾನೇ ಕೇಳಿ ಇಸಕೊಂಡೆ. ಅಲ್ಲಿಂದ ಮೂವತ್ತೆಂಟು ವರ್ಷ.

ಹೋದ ವರ್ಷ ಎಡಗೆನ್ನೆಯ ಒಳಗೆ, ದಿನಾ ಎಲೆ ಅಡಿಕೆ ಇಡುವ ಜಾಗದಲ್ಲೇ, ಬಿಳಿ ಕಲೆ ಎದ್ದಿತು. ಖಾರ ಮುಟ್ಟಿದರೆ ಉರಿ. ಡಾಕ್ಟರು ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ನಾನು ಬದುಕಿದ್ದು ಹೇಗೆ ಅಂತ ಕೇಳಬೇಡಿ. ಕ್ಯಾನ್ಸರ್ ಅಲ್ಲ ಅಂದರು. 'ಇನ್ನೂ ಅಲ್ಲ' ಅಂತಲೂ ಸೇರಿಸಿದರು. ಬಿಟ್ಟರೆ ಕಲೆ ಮಾಯಬಹುದು, ಬಿಡದಿದ್ದರೆ ತಿರುಗಬಹುದು. ಸುಣ್ಣ ಸೇರಿದರೆ ಹೊಗೆಸೊಪ್ಪಿನ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುತ್ತದೆ, ಅದಕ್ಕೇ ಆ 'ಜುಮ್' ಅನ್ನೋದು ಎಂದೂ ತಿಳಿಸಿದರು. ಬರೀ ಅಡಿಕೆ ಹಾಕ್ತೀನಿ ಸಾರ್ ಅಂದೆ. ಅದೂ ಕ್ಯಾನ್ಸರ್ ತರುವ ವಸ್ತುವೇ ಅಂದುಬಿಟ್ಟರು. ಅಡಿಕೆ ಬೆಳೆಯುವ ಬಂಧುಗಳು ಬೇಜಾರು ಮಾಡಿಕೊಳ್ಳಬಾರದು, ಕೇಳಿದ್ದು ಹೇಳ್ತಿದ್ದೀನಿ.

ಬಿಟ್ಟ ಮೊದಲ ಮೂರು ದಿನ ಮನುಷ್ಯನಾಗಿರಲಿಲ್ಲ. ನಿದ್ದೆ ಇಲ್ಲ, ತಲೆ ಸಿಡಿತ. ತಪ್ಪೇ ಮಾಡದ ಎತ್ತಿಗೆ ಹೊಡೆದೆ. ಹತ್ತೊಂಬತ್ತನೇ ದಿನ ಒಂದು ತಿಥಿ ಊಟ. ಊಟವಾದ ಮೇಲೆ ತಟ್ಟೆ ಬಂತು, 'ಒಂದೇ ಒಂದು' ಅಂದರು. ಆ ಒಂದು ಎರಡು ತಿಂಗಳು ಹಿಡಿಯಿತು. ಮತ್ತೆ ಶುರು ಮಾಡಿದಾಗ ಸಂಚಿಯನ್ನೇ ಮನೆಯವಳ ಕೈಗೆ ಕೊಟ್ಟೆ. ಜೇಬಿಗೆ ಹುರಿಗಡಲೆ. ಚಪಲ ಬಂದಾಗ ಒಂದು ಲೋಟ ನೀರು ಕುಡಿದು, ತೋಟದ ಆ ತುದಿಗೆ ಹೋಗಿ ಬರೋದು. ಐದು ಹತ್ತು ನಿಮಿಷದಲ್ಲಿ ಇಳಿದುಹೋಗ್ತದೆ, ಇದು ಅನುಭವದ ಮಾತು. ಸರ್ಕಾರದ ಉಚಿತ ಫೋನೂ ಇದೆ, 1800-11-2356. ಈಗ ಎಂಟು ತಿಂಗಳಾಯಿತು.

ಲೆಕ್ಕ ಕೇಳಿ. ದಿನಕ್ಕೆ 30 ರೂಪಾಯಿ, ವರ್ಷಕ್ಕೆ 10,950. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ 20,000 ತಂದು ಮೋಟಾರು ಕಟ್ಟಿಸಿದವನು ನಾನು. ಅದರ ವರ್ಷದ ಬಡ್ಡಿ 7,200. ಬಡ್ಡಿಗಿಂತ ಹೆಚ್ಚು ಉಗಿದಿದ್ದೆ. ಹಾಗಂತ ಎಲೆ ಅಡಿಕೆ ಬಿಟ್ಟರೆ ರೈತನ ಸಾಲ ತೀರ್ತದೆ ಅಂತ ನಾನು ಹೇಳ್ತಾ ಇಲ್ಲ. ಬೆಳೆದ ಖರ್ಚು ಹುಟ್ಟದ ಬೆಲೆಗೂ ನನ್ನ ಸಂಚಿಗೂ ಸಂಬಂಧವಿಲ್ಲ. 'ತಿಂದು ಕುಡಿದು ಸಾಲ ಮಾಡ್ಕೊಂಡ್ರು' ಅನ್ನುವ ಅಧಿಕಾರಿಗಳ ಮುಂದೆ ನಾನೂ ಜಗಳಕ್ಕೆ ನಿಂತವನೇ. ಜಗಳ ಆಡುವಾಗ ಬಾಯಿ ತುಂಬ ರಸ ಇತ್ತು, ಮಾತು ಸರಿಯಾಗಿ ಹೊರಡಲಿಲ್ಲ, ಅಷ್ಟೆ.

ಕಲೆ ಈಗ ಅರ್ಧಕ್ಕೆ ಇಳಿದಿದೆ. ಬರುವ ಗುರುವಾರ ಮತ್ತೆ ತೋರಿಸಬೇಕು. ಬಾಯೊಳಗೆ ಬಿಳಿ ಕಲೆಯೋ, ಮಾಯದ ಹುಣ್ಣೋ ಇರುವವರು, ಬಾಯಿ ಪೂರ್ತಿ ತೆರೆಯಲಾರದವರು ನನ್ನ ಜೊತೆ ಬನ್ನಿ. ಬೆಳಿಗ್ಗೆ ಏಳರ ಬಸ್ಸು.