ಹಸಿಮರದ ತುದಿಗೆ ಮೇಣದ ಕಾಪು
(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ಪೀಠೋಪಕರಣಗಳನ್ನು ಕುರಿತು ಎರಡು ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನನ್ನದೇ ಒಂದು ತಪ್ಪಿನಿಂದ ಆರಂಭಿಸದೆ ನಿರ್ವಾಹವಿಲ್ಲ. 2019ರಲ್ಲಿ ಊರಿನ ದಾನಿಗಳೊಬ್ಬರು ತಮ್ಮ ಹಿತ್ತಿಲ ಹಲಸಿನ ಮರವನ್ನು ಬೆಂಚುಗಳಿಗೆಂದು ಶಾಲೆಗೆ ಕೊಟ್ಟರು. ಮರವನ್ನು ಕಡಿಸಿ, ಹಲಗೆಗಳಾಗಿ ಸೀಳಿಸಿ, ಗೋಡೆಗೆ ಒರಗಿಸಿ ನಾನು ನಿಶ್ಚಿಂತನಾದೆ. ಎರಡು ತಿಂಗಳ ತರುವಾಯ ನೋಡಿದರೆ ಪ್ರತಿಯೊಂದು ಹಲಗೆಯ ಎರಡೂ ತುದಿಗಳು ಗೇಣುದ್ದ ಬಿರಿದಿದ್ದವು. 12 ಬೆಂಚುಗಳಾಗಬೇಕಾದ ಮರದಲ್ಲಿ 7 ಆದವು. ಉಳಿದುದು ಮಧ್ಯಾಹ್ನದ ಊಟದ ಒಲೆಗೆ ಹೋಯಿತು. ಒಂದನೆಯ ತರಗತಿಯ ಮಕ್ಕಳು ಇಂದಿಗೂ ಚಾಪೆಯ ಮೇಲೆ ಕುಳಿತಿದ್ದಾರೆ.

ಹೀಗೇಕಾಯಿತು? ಮರವೆಂಬುದು ಉದ್ದಕ್ಕೆ ಹಬ್ಬಿದ ಸೂಕ್ಷ್ಮ ನಾಳಗಳ ಕಟ್ಟು. ಬೇರಿನ ನೀರು ಎಲೆಗೆ ಏರಿದ ದಾರಿಯಲ್ಲಿಯೇ ಕಡಿದ ಮರದ ತೇವವೂ ಹೊರಡುತ್ತದೆ. ಹಲಗೆಯ ಮೈಯಿಂದ ಹೋಗುವುದಕ್ಕಿಂತ 10–15 ಪಟ್ಟು ವೇಗವಾಗಿ ಅದು ಕೊಯ್ದ ತುದಿಯಿಂದ ಹೋಗುತ್ತದೆ. ಒಣಮರದ ತೂಕದ ಶೇಕಡಾ 30ರಷ್ಟು ನೀರು ಉಳಿಯುವವರೆಗೆ ಮರ ಕುಗ್ಗುವುದಿಲ್ಲ. ಅದಕ್ಕಿಂತ ಕೆಳಗಿಳಿದರೆ ಕುಗ್ಗತೊಡಗುತ್ತದೆ. ತುದಿ ಒಣಗಿ ಕುಗ್ಗಲು ಹೊರಟಾಗ ಒಡಲು ಇನ್ನೂ ಹಸಿಯಾಗಿಯೇ ಇರುತ್ತದೆ. ಈ ಎಳೆದಾಟದಲ್ಲಿ ತುದಿ ಬಿರಿಯದೆ ಗತ್ಯಂತರವಿಲ್ಲ. ಹಿಂದಿನ ಆಚಾರಿಗಳು ಇದನ್ನರಿಯದವರಲ್ಲ. ದಿಮ್ಮಿಯ ತುದಿಗೆ ಸೆಗಣಿಯನ್ನೋ ಕೆಮ್ಮಣ್ಣನ್ನೋ ಮೆತ್ತುತ್ತಿದ್ದರು. ಎರಡು ಪದವಿ ಪಡೆದ ನಾನು ಅದನ್ನು ಕಂಡಿದ್ದೂ ಕಾರಣ ಕೇಳಿರಲಿಲ್ಲ.

ಈಗ ದೊರೆಯುವ ತುದಿಲೇಪ, ಅಂದರೆ ಎಂಡ್ ಸೀಲರ್, ಸಾಮಾನ್ಯವಾಗಿ ಮೇಣದ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ಬೆರಸಿದ ಹಾಲಿನಂತಹ ದ್ರವ. ನೀರು ಆರಿದ ಮೇಲೆ ಮೇಣದ ಪೊರೆ ಉಳಿಯುತ್ತದೆ. ಇದನ್ನು ಬಳಸುವುದರಲ್ಲಿ ಹೊತ್ತೇ ಮುಖ್ಯ. ಮರ ಉರುಳಿದ ದಿನವೇ ದಿಮ್ಮಿಯ ಎರಡೂ ತುದಿಗಳಿಗೆ ದಪ್ಪವಾಗಿ ಬಳಿಯಬೇಕು. ಅಂಚನ್ನು ದಾಟಿ ಮೈಮೇಲೂ ಒಂದೆರಡು ಅಂಗುಲ ಇಳಿಸಬೇಕು. ಹೊಸದಾಗಿ ಕೊಯ್ದ ತುದಿಗೆ ಮತ್ತೆ ಬಳಿಯಬೇಕು. ಒಮ್ಮೆ ಬಿರಿದುದನ್ನು ಯಾವ ಲೇಪವೂ ಕೂಡಿಸದು. ಬಿರಿದಷ್ಟನ್ನು ಕೊಯ್ದು ತೆಗೆದು ಹೊಸ ತುದಿಗೆ ಬಳಿಯುವುದೇ ದಾರಿ. ತುದಿಗೆ ಒಳ್ಳೆಯದೆಂದು ಹಲಗೆಯ ಮೈಗೆಲ್ಲ ಬಳಿಯುವುದು ಸಲ್ಲದು. ತೇವಕ್ಕೆ ಹೊರಡಲು ದಾರಿ ಬೇಕು. ಅದಿಲ್ಲದೆ ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ಹಲಗೆಗಳ ನಡುವೆ ಸಮದಪ್ಪದ ಪಟ್ಟಿಗಳನ್ನಿಟ್ಟು, ನೆಲದಿಂದ ಎತ್ತರದಲ್ಲಿ, ನೆರಳು ಗಾಳಿಗಳಿರುವೆಡೆ ಅಟ್ಟಿಯೇರಿಸಿ ಮೇಲೆ ಭಾರವಿಡಬೇಕು. ಒಂದು ಹಲಗೆಯನ್ನು ತಿಂಗಳಿಗೊಮ್ಮೆ ತೂಗುತ್ತಿದ್ದು, ತೂಕ ಇಳಿಯುವುದು ನಿಂತ ಬಳಿಕ ಆಚಾರಿಗಳನ್ನು ಕರೆದರಾಯಿತು.

ಲೇಪ ದೊರೆಯದಿದ್ದರೆ ಕರಗಿಸಿದ ಪ್ಯಾರಾಫಿನ್ ಮೇಣವೂ ಆದೀತು. ಆದರೆ ಅದನ್ನು ನೇರವಾಗಿ ಬೆಂಕಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಬೇಕು. ಕಾದ ಮೇಣಕ್ಕೆ ಬೆಂಕಿ ಹತ್ತುವುದುಂಟು. ಮಕ್ಕಳ ಕೈಗೆ ಆ ಕೆಲಸ ಬೇಡ.

ಉಳಿದ ಲೇಪವನ್ನು ಕಾಪಾಡುವುದೂ ಒಂದು ಕೆಲಸವೇ. ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಸುರಿದುಕೊಂಡು ಡಬ್ಬಿಯನ್ನು ಆಗಲೇ ಬಿಗಿಯಾಗಿ ಮುಚ್ಚಬೇಕು. ಕುಂಚವದ್ದಿದ ಬಟ್ಟಲಿನದನ್ನು ಮರಳಿ ಡಬ್ಬಿಗೆ ಸುರಿಯಬಾರದು. ಹೊಟ್ಟೂ ಕೊಳೆಯೂ ಸೇರಿ ಕೆಡುತ್ತದೆ. ಡಬ್ಬಿ ತಗಡಿನ ಮಾಡಿನ ಕೆಳಗೆ ಬೇಯಬಾರದು. ಮೇಲೆ ಕೆನೆಗಟ್ಟಿದ್ದರೆ ತೆಗೆದು, ಮೆಲ್ಲನೆ ಕಲಕಿ ಬಳಸಬೇಕು. ಕಲಕಿದರೂ ಗಂಟುಗಂಟಾಗಿ ಒಡೆದೇ ಇದ್ದರೆ ಅದರ ಆಸೆ ಬಿಡಬೇಕು. ಹೆಪ್ಪುಗಟ್ಟಿದರೂ ಹೀಗಾಗುತ್ತದೆ. ಆ ಭಯ ನಮಗಿಲ್ಲ. ಹಿಮ ಬೀಳುವ ನೀಲಗಿರಿಯ ನಮ್ಮ ಬಂಧುಗಳು ಮಾತ್ರ ಡಬ್ಬಿಯನ್ನು ಚಳಿಗಾಲದಲ್ಲಿ ಮನೆಯೊಳಗೆ ಇಡುವುದು ಲೇಸು. ಕುಂಚವನ್ನು ಒಣಗುವ ಮೊದಲೇ ನೀರಿನಲ್ಲಿ ತೊಳೆಯಬೇಕು.

ಈ ವರ್ಷ ಮತ್ತೊಬ್ಬ ಮಹನೀಯರು ಎರಡು ಹಲಸಿನ ಮರಗಳನ್ನು ಕೊಡಲೊಪ್ಪಿದ್ದಾರೆ. ಮಳೆ ನಿಂತ ಮೇಲೆ ಕಡಿಸಬೇಕು. ಕೊಡಲಿ ಬೀಳುವ ಮುನ್ನವೇ 5 ಲೀಟರಿನ ಒಂದು ಡಬ್ಬಿ ಶಾಲೆಗೆ ಬರುವಂತೆ ಸಂಘವು ಹಣವನ್ನು ಮಂಜೂರು ಮಾಡಬೇಕೆಂದು ನನ್ನ ಬಿನ್ನಹ. ಬಳಿಯಲು ಎಂಟನೆಯ ತರಗತಿಯ ಹುಡುಗರು ಹೆಸರು ಕೊಟ್ಟಿದ್ದಾರೆ. ಹುಡುಗಿಯರು ಅವರಿಗಿಂತ ಮೊದಲೇ ಕೊಟ್ಟಿದ್ದಾರೆ.