ಗ್ರೀಕರ ಅಕ್ಷರದ ಕಥೆ



ಸೊಲ್ಲಾಪುರದ ಸಭೆಯಲ್ಲಿ ಗ್ರೀಸ್ ದೇಶದ ಮಾತೇಕೆಂದು ಕೆಲವರು ಕೇಳಬಹುದು. ಗ್ರೀಕರಿಗೆ ನಮ್ಮ ಸೀಮೆ ಅಪರಿಚಿತವಾಗಿರಲಿಲ್ಲ. ಕ್ರಿ. ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯ ವರ್ತಕನೊಬ್ಬನು ಬರೆದ 'ಪೆರಿಪ್ಲಸ್' ಎಂಬ ಗ್ರಂಥವು, ತಗರ ಪಟ್ಟಣದಿಂದ ಬಂಡಿಗಳಲ್ಲಿ ಭರುಚ ಬಂದರಿಗೆ ಬಟ್ಟೆ ಹೋಗುತ್ತಿದ್ದುದನ್ನು ಹೇಳುತ್ತದೆ. ನಮ್ಮ ನೆರೆಯ ತೇರ ಗ್ರಾಮವೇ ಆ ತಗರವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಆ ಗ್ರೀಕರ ನಾಗರಿಕತೆಯ ಮೂಲವು ಬಲು ಹಿಂದಿನದು. ಕ್ರಿ. ಪೂ. 2000ದ ಸುಮಾರಿಗೆ ಕ್ರೀಟ್ ದ್ವೀಪದಲ್ಲಿ ಕ್ನಾಸಸ್ ಮೊದಲಾದ ಅರಮನೆಗಳೆದ್ದವು. ತರುವಾಯ ಗ್ರೀಸಿನ ನೆಲದಲ್ಲಿ ಮೈಸೀನಿ, ಟಿರಿನ್ಸ್ ಮುಂತಾದ ಕೋಟೆಗಳು ಬೆಳೆದವು. ಅರಮನೆಯ ಕರಣಿಕರು ಕ್ರೀಟಿನ ಲಿಪಿಯನ್ನು ಮಾರ್ಪಡಿಸಿ, ಮಣ್ಣಿನ ಫಲಕಗಳ ಮೇಲೆ ಎಣ್ಣೆ, ಉಣ್ಣೆ, ಧಾನ್ಯಗಳ ಲೆಕ್ಕವಿಟ್ಟರು. ಆ ಬರಹದ ಭಾಷೆ ಗ್ರೀಕೇ ಎಂಬುದನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ತೋರಿಸಿಕೊಟ್ಟರು.

ಕ್ರಿ. ಪೂ. 1200ರ ಸುಮಾರಿಗೆ ಆ ಅರಮನೆಗಳು ಸುಟ್ಟುಹೋದವು; ಅವುಗಳೊಡನೆ ಲಿಪಿಯೂ ಅಳಿಯಿತು. ಏಕೆಂದರೆ ಅದನ್ನು ಬಲ್ಲವರು ಆ ಕೆಲವೇ ಕರಣಿಕರು! ಮುಂದೆ ಕೆಲವು ಶತಮಾನಗಳವರೆಗೆ ಗ್ರೀಕ್ ನುಡಿಯು ಜನರ ನಾಲಗೆಯ ಮೇಲೆ, ಹಾಡುಗಾರರ ಕಂಠದಲ್ಲಿ ಮಾತ್ರ ಬದುಕಿತು.

ಕ್ರಿ. ಪೂ. ಎಂಟನೆಯ ಶತಮಾನದ ಹೊತ್ತಿಗೆ ಅವರು ಫಿನೀಷಿಯನ್ನರಿಂದ ಅಕ್ಷರಗಳನ್ನು ಪಡೆದರು. ಅವು ಬರಿಯ ವ್ಯಂಜನಗಳು. ತಮಗೆ ಬೇಡವಾದ ಕೆಲವನ್ನು ಗ್ರೀಕರು ಸ್ವರಗಳಿಗೆ ಬಳಸಿಕೊಂಡರು. ಈ ಸಲ ಅಕ್ಷರವು ಅರಮನೆಯ ಸೆರೆಯಾಗಲಿಲ್ಲ. ಹೂಜಿ, ಬಟ್ಟಲುಗಳ ಮೇಲೂ ಜನರು ಪದ್ಯ ಕೊರೆದರು. ಹೋಮರನ ಕಾವ್ಯ ಬರಹಕ್ಕಿಳಿಯಿತು. ಗ್ರೀಕರಿಗೆ ಒಂದೇ ರಾಜ್ಯವಿರಲಿಲ್ಲ. ನೂರಾರು ನಗರರಾಜ್ಯಗಳಲ್ಲಿ, ದೂರದ ಸಿಸಿಲಿಯವರೆಗೂ ಹಂಚಿಹೋಗಿದ್ದರು. ಆದರೂ ಭಾಷೆ, ದೇವತೆಗಳು, ಒಲಿಂಪಿಯಾದ ಕ್ರೀಡೆಗಳು ಅವರನ್ನು ಒಂದುಗೂಡಿಸಿದವು.

ಬಂಧುಗಳೇ, ಸೊಲ್ಲಾಪುರ, ಅಕ್ಕಲಕೋಟೆಗಳು 1956ರಲ್ಲಿ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಇದು ಸಿದ್ಧರಾಮನು ವಚನ ನುಡಿದ ನೆಲ. ಜಿಲ್ಲೆಯ ಅನೇಕ ಊರುಗಳ ಕಲ್ಲುಗಳಲ್ಲಿ ಕನ್ನಡ ಶಾಸನಗಳಿವೆ. ಆದರೆ ಮನೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳು ಶಾಸನವಿರಲಿ, ಕನ್ನಡದಲ್ಲಿ ಬರೆದ ತಮ್ಮ ಅಜ್ಜಿಯ ಹೆಸರನ್ನೂ ಓದಲಾರರು. ಶಾಲೆಯೊಂದನ್ನೇ ನಂಬಿ ಕುಳಿತರೆ, ಅದರ ಬಾಗಿಲು ಮುಚ್ಚಿದ ದಿನವೇ ನಮ್ಮ ಲಿಪಿಯೂ ಮೈಸೀನಿಯ ಲಿಪಿಯ ದಾರಿ ಹಿಡಿದೀತು.

ಮರಾಠಿಯನ್ನು ಚೆನ್ನಾಗಿ ಕಲಿಯೋಣ. ಅದು ನೆರೆಯವರ ನುಡಿ, ನಮ್ಮ ಅನ್ನದ ನುಡಿಯೂ ಹೌದು. ಅದರೊಡನೆ ಲಗ್ನಪತ್ರಿಕೆ, ಅಂಗಡಿಯ ಲೆಕ್ಕ, ಬೀಗರಿಗೆ ಬರೆಯುವ ಕಾಗದ ಕನ್ನಡದಲ್ಲಿರಲಿ. ಮನೆಮನೆಯ ಬಳಕೆಯಲ್ಲಿರುವ ಅಕ್ಷರವನ್ನು ಯಾವ ಬೆಂಕಿಯೂ ಸುಡಲಾರದು.